ಬೋರಲು ತಟ್ಟೆ

ನನಗೆ ಓದು ಬರಹ ಬಾರದು. ಇದನ್ನು ಬರೆಯುತ್ತಿರುವವಳು ನನ್ನ ಮಗಳು ಪೂಜಿತಾ. ನನ್ನ ಮಾತನ್ನು ಅವಳು ಪುಸ್ತಕದ ಕನ್ನಡ ಮಾಡುತ್ತಾಳೆ. ಮಾಡಿಕೊಳ್ಳಲಿ. ಕೋಪವನ್ನು ಮಾತ್ರ ತಿದ್ದಬೇಡ ಎಂದು ಹೇಳಿ ಪಕ್ಕದಲ್ಲೇ ಕೂತಿದ್ದೇನೆ.

ನನ್ನ ಹೆಸರು ಜಟ್ಟೆಮ್ಮ. ಮರ್ಫಿ ಟೌನಿನ ಹಿಂದಿನ ಕಾಲನಿಯವಳು. ಹಲಸೂರಿನಿಂದ ಇಂದಿರಾನಗರಕ್ಕೆ ಹೋಗುವ ದಾರಿಯಲ್ಲಿ ಒಂದು ನರ್ಸಿಂಗ್ ಹೋಂ ಇದೆ. ಮನಸ್ಸಿನ ಕಾಯಿಲೆಯವರದು. ಅದರ ಹೆಸರು ಹೇಳಬೇಡಿ ಎಂದು ವಕೀಲರು ಹೇಳಿದ್ದಾರೆ. ಹೇಳುವುದಿಲ್ಲ. ಅಲ್ಲಿ ಒಂಬತ್ತು ವರ್ಷ ಕಕ್ಕಸು ತೊಳೆದೆ. ಬರೀ ಕಕ್ಕಸಲ್ಲ. ಕೆಳಗಿನ ಗಂಡಸರ ವಾರ್ಡಿನಲ್ಲಿ ಹನ್ನೊಂದು ಮಂಚ. ಉಚ್ಚೆಯಲ್ಲಿ ನೆನೆದವರನ್ನು ಎತ್ತಿ ಕೂರಿಸಿದ್ದೇನೆ. ಮೈಮೇಲೆ ಬಟ್ಟೆ ನಿಲ್ಲದವರಿಗೆ ಬಟ್ಟೆ ಸುತ್ತಿದ್ದೇನೆ. ಒಬ್ಬ ನನ್ನ ಭುಜ ಕಚ್ಚಿದ. ಗುರುತು ಇನ್ನೂ ಇದೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಕಾಯಿಲೆ ಇತ್ತು. ನನ್ನ ಸಿಟ್ಟು ಕಾಯಿಲೆ ಇಲ್ಲದವರ ಮೇಲೆ.

ಅಲ್ಲಿ ಕೆಲವರಿಗೆ ಕರೆಂಟು ಕೊಡುತ್ತಿದ್ದರು. ಸಿನಿಮಾದಲ್ಲಿ ಕಿರುಚಿಸುವ ಹಾಗಲ್ಲ. ಮತ್ತಿನ ಸೂಜಿ ಚುಚ್ಚಿ, ಮಲಗಿಸಿ, ತಲೆಗೆ ಕ್ಷಣಹೊತ್ತು ಮುಟ್ಟಿಸುತ್ತಿದ್ದರು. ತಿಂಗಳುಗಟ್ಟಲೆ ಬಾಯಿ ಬಿಡದವರು ಎದ್ದು ಕೂತು ಮಾತಾಡಿದ್ದನ್ನು ನಾನೇ ಕಂಡಿದ್ದೇನೆ. ಅದಕ್ಕೆ ಒಂದೇ ನಿಯಮ. ಹೊಟ್ಟೆ ಖಾಲಿ ಇರಬೇಕು. ತಿಂದಿದ್ದರೆ, ಮತ್ತಿನಲ್ಲಿ ತಿಂದದ್ದು ಮೇಲೆ ಬಂದು ಉಸಿರಿನ ಕೊಳವೆಗೆ ಇಳಿಯುತ್ತದೆ. ಆಮೇಲೆ ಯಾವ ದೇವರೂ ಇಲ್ಲ.

ನಾನು ಸೇರಿದ ಹೊಸದರಲ್ಲಿ ಒಬ್ಬರು ಮುದುಕರು ಹೀಗೆ ಸಾಯುವುದರಲ್ಲಿದ್ದರು. ಯಾರೋ ಪಾಪ ಎಂದು ಬನ್ನು ಕೊಟ್ಟಿದ್ದರು. ಅವತ್ತು ನಾನೂ ಫಹ್ಮಿದಾಳೂ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಯೋಚಿಸಿದೆವು. ಫಹ್ಮಿದಾ ಶಿವಾಜಿನಗರದವಳು, ಊಟ ಬಡಿಸುವ ಆಯಾ. ಅವಳಿಗೂ ಅಕ್ಷರ ಬಾರದು. ನಾವು ಕಂಡುಕೊಂಡದ್ದು ಇಷ್ಟೇ. ಸಂಜೆ ಸಿಸ್ಟರ್ ನಾಳೆ ಯಾರಿಗೆ ಕರೆಂಟು ಎಂದು ಹೆಸರು ಹೇಳಬೇಕು. ಬೆಳಿಗ್ಗೆ ನಾನು ಬಂದವಳೇ ಅವರ ಮಂಚದ ಪಕ್ಕದ ಸ್ಟೂಲಿನ ಮೇಲೆ ಅವರ ಸ್ಟೀಲ್ ತಟ್ಟೆಯನ್ನು ಬೋರಲು ಹಾಕಬೇಕು. ಬೋರಲು ತಟ್ಟೆ ಕಂಡರೆ ಏನೂ ಕೊಡುವ ಹಾಗಿಲ್ಲ. ನೀರೂ ಇಲ್ಲ.

ಅದನ್ನು ಯಾರಿಗೂ ವಿವರಿಸಬೇಕಾಗಿರಲಿಲ್ಲ. ತಮಿಳಿನವರು, ಉರ್ದುವಿನವರು, ರಾಯಚೂರಿನಿಂದ ಬಂದವರು, ಎಲ್ಲರಿಗೂ ತಿಳಿಯುತ್ತಿತ್ತು. ಹಳೆಯ ಮೇಟ್ರನ್ ಒಂದು ದಿನ ನಿಂತು ನೋಡಿ, “ನಲ್ಲಾ ಇರುಕ್ಕು ಜಟ್ಟಮ್ಮಾ” ಅಂದರು, ಚೆನ್ನಾಗಿದೆ ಎಂದು. ಮತ್ತಿನ ಸೂಜಿ ಕೊಡುವ ಡಾಕ್ಟರು ಬಾಗಿಲಲ್ಲೇ ಕೇಳುತ್ತಿದ್ದರು, “ತಟ್ಟೆ ಬೋರಲಿದೆಯಾ?” ಎಂಟು ವರ್ಷ ಹೀಗೆ ನಡೆಯಿತು. ಎಂಟು ವರ್ಷದಲ್ಲಿ ಒಬ್ಬರೂ ಸಾಯಲಿಲ್ಲ.

ತೊಂಬತ್ತೊಂಬತ್ತರಲ್ಲಿ ಮೇಟ್ರನ್ ನಿವೃತ್ತರಾದರು. ಹೊಸ ಮ್ಯಾನೇಜರ್ ಬಂದ. ಬಸವಪ್ರಭು. ಹೆಸರಿನಲ್ಲಿ ಬಸವನೂ ಇದ್ದ, ಪ್ರಭುವೂ ಇದ್ದ. ಕೆಲಸಕ್ಕೆ ಬರುತ್ತಿದ್ದವನು ಪ್ರಭು ಒಬ್ಬನೇ. ನರ್ಸಿಂಗ್ ಹೋಮಿಗೆ ಏನೋ ದೊಡ್ಡ ಸರ್ಟಿಫಿಕೇಟು ತರಿಸಬೇಕೆಂದು ಓಡಾಡುತ್ತಿದ್ದ. ಒಂದು ಬೆಳಿಗ್ಗೆ ನಾನು ತಟ್ಟೆ ಬೋರಲು ಹಾಕುವುದನ್ನು ಕಂಡ.

“ಏಯ್, ಏನ್ ಮಾಡ್ತಿದೀಯಾ?”

ಹೇಳಿದೆ.

“ಕಕ್ಕಸ್ ತೊಳೆಯೋ ಕೈಲಿ ಊಟದ ತಟ್ಟೆ ಮುಟ್ತೀಯಾ?”

“ಸೋಪು ಹಾಕ್ಕೊಂಡು ತೊಳ್ಕೊಂಡೀನಿ ಸಾರ್. ಡೆಟಾಲೂ ಹಾಕಿದೀನಿ.”

“ಸೋಪಿನ ಪ್ರಶ್ನೆ ಅಲ್ಲ. ಪೇಷೆಂಟ್ ಕಡೆಯವ್ರು ನೋಡಿದ್ರೆ ಏನಂತಾರೆ? ಎಂಥೆಂಥಾ ಫ್ಯಾಮಿಲಿಯವ್ರು ಬರ್ತಾರೆ ಇಲ್ಲಿಗೆ.”

ಸೋಪಿನ ಪ್ರಶ್ನೆ ಅಲ್ಲ ಎಂದು ಅವನೇ ಹೇಳಿದ. ಯಾವುದರ ಪ್ರಶ್ನೆ ಎಂದು ನಾನು ಕೇಳಲಿಲ್ಲ. ಹುಟ್ಟಿದಾಗಿನಿಂದ ಗೊತ್ತಿರುವುದನ್ನು ಯಾರು ಕೇಳುತ್ತಾರೆ? ಹನ್ನೊಂದು ಮಂಚದವರೂ ನನ್ನ ಕೈಯನ್ನೇ ನೋಡುತ್ತಿದ್ದರು.

ಫಹ್ಮಿದಾ ಮುಂದೆ ಬಂದು, “ನಾನ್ ಇಡ್ತೀನಿ ಸಾರ್, ಅಕ್ಕ ಹೆಸರು ಹೇಳ್ಲಿ ಸಾಕು,” ಅಂದಳು.

“ಯಾರೂ ಇಡೋದು ಬೇಡ. ಹಳ್ಳಿ ಛತ್ರ ಅಲ್ಲ ಇದು. ಸಿಸ್ಟಂ ಬರ್ತಾ ಇದೆ,” ಅಂದ.

ತಟ್ಟೆಗಳೆಲ್ಲ ಅಡುಗೆಮನೆಯ ಬೀರುವಿಗೆ ಹೋದವು. ಹನ್ನೊಂದು ಮಂಚಕ್ಕೂ ಹನ್ನೊಂದು ಬಿಳಿ ಕಾರ್ಡು ಬಂತು, ಮೇಲೆ ಪ್ಲಾಸ್ಟಿಕ್ಕು. ಒಬ್ಬರಿಗೆ ಸಕ್ಕರೆ ಇಲ್ಲ, ಒಬ್ಬರಿಗೆ ಗಂಜಿ, ಒಬ್ಬರಿಗೆ ಏನೂ ಇಲ್ಲ. ಎಲ್ಲವೂ ಇಂಗ್ಲಿಷಿನಲ್ಲಿ. ಎಲ್ಲವೂ ಒಂದೇ ಬಣ್ಣ. ಸಂಜೆ ಹೆಸರು ಹೇಳುವುದೂ ನಿಂತಿತು. ಕಾರ್ಡೇ ಇದೆಯಲ್ಲ, ಹೇಳುವುದೇಕೆ? ನಾನು ಒಮ್ಮೆ ಸಿಸ್ಟರನ್ನು ಕೇಳಿದೆ, “ಇದ್ರಲ್ಲಿ ಏನ್ ಬರ್ದಿದೆ ಸಿಸ್ಟರ್?” “ನಿನ್ನ ಕೆಲ್ಸ ನೀನ್ ನೋಡ್ಕೊ ಜಟ್ಟಮ್ಮ,” ಅಂದರು.

ಇನ್ನೊಮ್ಮೆ ಕೇಳಬಹುದಿತ್ತು. ಕೇಳಲಿಲ್ಲ. ಮುನಿಸು. ನನ್ನ ಕೈ ಬೇಡ ಅಂದರಲ್ಲ, ಹಾಗಿದ್ದರೆ ನನ್ನ ಕಣ್ಣೂ ಬೇಡ, ಬಾಯೂ ಬೇಡ ಎಂದು ಬಿಟ್ಟೆ. ಬಡವರ ಕೋಪ ದವಡೆಗೆ ಮೂಲ ಅನ್ನುತ್ತಾರೆ. ನನ್ನ ಕೋಪಕ್ಕೆ ಮುರಿದದ್ದು ನನ್ನ ದವಡೆಯಲ್ಲ. ಇದನ್ನು ಬರಿ ಎಂದೆ. ಪೂಜಿತಾ ಬೇಡಮ್ಮ ಅಂದಳು. ಬರಿ ಎಂದೆ.

ಏಳನೆಯ ಮಂಚದಲ್ಲಿ ವಿರೂಪಾಕ್ಷ ಎಂಬ ಹುಡುಗ ಇದ್ದ. ಇಪ್ಪತ್ತನಾಲ್ಕು ವಯಸ್ಸು. ಗರುಡಾಚಾರ್‌ಪಾಳ್ಯದ ಒಂದು ಶೆಡ್ಡಿನಲ್ಲಿ ಲೇಥ್ ಕೆಲಸ ಮಾಡುತ್ತಿದ್ದವನು. ಮೆಷಿನ್ನು ತನ್ನ ಹೆಸರು ಹಿಡಿದು ಬೈಯುತ್ತದೆ ಎಂದು ಕೆಲಸ ಬಿಟ್ಟನಂತೆ. ಆಮೇಲೆ ಮಾತು ಬಿಟ್ಟ. ಆಮೇಲೆ ಊಟ ಬಿಟ್ಟ. ಎರಡು ತಿಂಗಳಿನಿಂದ ಬಾಯಿ ಒತ್ತಿ ಹಿಡಿದು ಹಾಲು ಹೊಯ್ಯುತ್ತಿದ್ದರು. ತಾಯಿ ವಿಮಲಾಕ್ಷಿ ಗದಗಿನ ಕಡೆಯವಳು, ಗಂಡ ಇಲ್ಲ, ಇವನೊಬ್ಬನೇ ಮಗ. ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಎರಡು ಸಲ ಕರೆಂಟು ಕೊಟ್ಟಿದ್ದರು. ಆಗ ಅವನು ತಿನ್ನುತ್ತಲೇ ಇರಲಿಲ್ಲ. ಹಾಗಾಗಿ ಹೊಟ್ಟೆ ಖಾಲಿ ಇರಬೇಕೆಂದು ಆ ತಾಯಿಗೆ ಯಾರೂ ಹೇಳಲಿಲ್ಲ. ಅವಳು ಹೆಬ್ಬೆಟ್ಟು ಒತ್ತಿದ ಇಂಗ್ಲಿಷ್ ಕಾಗದದಲ್ಲಿ ಬರೆದಿತ್ತಂತೆ.

ಮೂರನೆಯ ಕರೆಂಟು ಒಂದು ಶುಕ್ರವಾರ. ಕಾರ್ಡು ಹಾಕಿ ಹನ್ನೆರಡು ದಿನವಾಗಿತ್ತು. ಬೆಳಿಗ್ಗೆ ಏಳಕ್ಕೆ ಕೊಡಬೇಕಾದದ್ದು ಎಂದು ನನಗೆ ತಿಳಿದದ್ದು ಆಮೇಲೆ. ಮತ್ತಿನ ಡಾಕ್ಟರೂ ಬದಲಾಗಿದ್ದರು. ಹೊಸಬರು ನಾಲ್ಕು ನರ್ಸಿಂಗ್ ಹೋಂ ಸುತ್ತುವವರು. ಎಂಟಾಯಿತು, ಒಂಬತ್ತಾಯಿತು, ಅವರ ಸುದ್ದಿಯೇ ಇಲ್ಲ. ಎಂಟರ ಮೇಲೆ ಕರೆಂಟು ಕೊಟ್ಟದ್ದನ್ನು ನಾನು ಕಂಡೇ ಇರಲಿಲ್ಲ.

ಒಂಬತ್ತೂವರೆಗೆ ನಾನು ಏಳನೆಯ ಮಂಚದ ಕೆಳಗೆ ನೆಲ ಒರೆಸುತ್ತಿದ್ದೆ. ಮೇಲಿನಿಂದ ಒಂದು ಸಣ್ಣ ದನಿ ಕೇಳಿತು.

“ಯವ್ವಾ, ಹಸಿವಾಗೇತಿ.”

ತಲೆ ಎತ್ತಿದೆ. ವಿಮಲಾಕ್ಷಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಎರಡು ತಿಂಗಳ ಮೇಲೆ ಮಗನ ಮೊದಲ ಮಾತು ಅದು. ಹಸಿವು. ಅದಕ್ಕಿಂತ ದೊಡ್ಡ ಮಾತು ತಾಯಿಗೆ ಯಾವುದಿದೆ? ಅವಳ ಚೀಲದಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಇತ್ತು. ಮಗ ತಿನ್ನದಿದ್ದರೂ ದಿನಾ ತರುತ್ತಿದ್ದಳು, ದಿನಾ ಹೊತ್ತುಕೊಂಡು ಹೋಗುತ್ತಿದ್ದಳು. ಸಿಸ್ಟರ್ ಕಾಣಲಿಲ್ಲ. ನನ್ನ ಕಡೆ ತಿರುಗಿದಳು.

“ಕೊಡ್ಲೇನವ್ವಾ?”

ಎಂಟು ವರ್ಷದ ರೂಢಿ. ನನ್ನ ಕಣ್ಣು ಸ್ಟೂಲಿಗೆ ಹೋಯಿತು. ಸ್ಟೂಲಿನ ಮೇಲೆ ತಟ್ಟೆ ಇರಲಿಲ್ಲ. ಬೋರಲು ಏನೂ ಇರಲಿಲ್ಲ. ತಲೆಯ ಹತ್ತಿರ ಬಿಳಿ ಕಾರ್ಡು ತೂಗುತ್ತಿತ್ತು, ಪಕ್ಕದ ಮಂಚದಲ್ಲಿ ತೂಗುವಂಥದ್ದೇ.

“ಕೊಡಮ್ಮ. ಮಗು ಕೇಳ್ತಾ ಇದೆ,” ಅಂದೆ.

ಒಂದೂವರೆ ರೊಟ್ಟಿ ತಿಂದ. ಅವಳು ಮುರಿದು ಮುರಿದು ಬಾಯಿಗಿಟ್ಟಳು. ನಾನು ಒದ್ದೆ ಬಟ್ಟೆ ಹಿಡಿದು ನೋಡುತ್ತ ನಿಂತೆ. ನನಗೂ ಕಣ್ಣಲ್ಲಿ ನೀರು ಬಂತು.

ಹನ್ನೊಂದೂವರೆಗೆ ಮತ್ತಿನ ಡಾಕ್ಟರು ಓಡೋಡಿ ಬಂದರು. ಅಷ್ಟು ಹೊತ್ತಿಗೆ ವಿಮಲಾಕ್ಷಿ ಹಲಸೂರಿನ ಸೋಮೇಶ್ವರನ ಗುಡಿಗೆ ಹೋಗಿದ್ದಳು, ಮಗ ಮಾತಾಡಿದನೆಂದು ಕೈಮುಗಿಯಲಿಕ್ಕೆ. ನಾನು ಮೇಲಿನ ಮಹಡಿಯ ಕಕ್ಕಸಿನಲ್ಲಿದ್ದೆ. ಚಾರ್ಟಿನಲ್ಲಿ ಹೊಟ್ಟೆ ಖಾಲಿ ಎಂದು ಬೆಳಿಗ್ಗೆ ಆರಕ್ಕೇ ಬರೆದು ಗೀಟು ಎಳೆದಿದ್ದರು. ತಿಂದೆಯೇನಪ್ಪಾ ಎಂದು ಹುಡುಗನನ್ನು ಯಾರೂ ಕೇಳಲಿಲ್ಲ. ಹುಚ್ಚನನ್ನು ಕೇಳುವುದೇನು ಅಂದುಕೊಂಡಿರಬೇಕು.

“ಜಟ್ಟಮ್ಮಾ, ಬಕೆಟ್!” ಎಂದು ಕೂಗಿದಾಗ ಓಡಿದೆ. ಎಲ್ಲ ಮುಗಿದಿತ್ತು. ಡಾಕ್ಟರ ಅಂಗಿಯೆಲ್ಲ ಬೆವರು. ನೆಲ ಒರೆಸು ಅಂದರು. ಒರೆಸಿದೆ. ಬಟ್ಟೆಗೆ ರೊಟ್ಟಿಯ ತುಣುಕು ಹತ್ತಿತು, ಬದನೆಕಾಯಿಯ ಸಿಪ್ಪೆ ಹತ್ತಿತು. ಆಗ ನನಗೆ ತಿಳಿಯಿತು. 

ತಾಯಿಗೆ “ಹಾರ್ಟ್ ನಿಂತುಹೋಯ್ತು” ಎಂದರು. ನಾನೂ ಬಾಯಿ ಬಿಡಲಿಲ್ಲ. ಮನೆಯಲ್ಲಿ ಬುದ್ಧನ ಫೋಟೋ ಇದೆ. ನನ್ನ ಗಂಡ ಬೌದ್ಧ ದೀಕ್ಷೆ ತಗೊಂಡ ದಿನ ತಂದದ್ದು. ಐದು ತಿಂಗಳು ಅದರ ಮುಂದೆ ದೀಪ ಹಚ್ಚಲಿಲ್ಲ.

ಐದು ತಿಂಗಳ ಮೇಲೆ ಬಸವಪ್ರಭು ನನ್ನನ್ನು ಆಫೀಸಿಗೆ ಕರೆಸಿದ. ಕುರ್ಚಿ ತೋರಿಸಿದ. ಒಂಬತ್ತು ವರ್ಷದಲ್ಲಿ ನಾನು ಕೂತ ಮೊದಲ ಕುರ್ಚಿ. ಕಾಫಿ ಬಂತು, ಪಿಂಗಾಣಿ ಕಪ್-ಸಾಸರಿನಲ್ಲಿ. ನನ್ನ ಕಾಫಿಯ ಲೋಟ ಹಿತ್ತಿಲ ಕಿಟಕಿಯ ಸರಳಿಗೆ ಸಿಕ್ಕಿಸಿರುತ್ತಿತ್ತು. ಅದನ್ನು ನಾನೇ ತೊಳೆದು ನಾನೇ ಸಿಕ್ಕಿಸಬೇಕಿತ್ತು. ಆ ಕಪ್-ಸಾಸರ್ ಕಂಡಾಗಲೇ ಏನೋ ಇದೆ ಅನ್ನಿಸಿತು.

“ನೋಡಮ್ಮ ಜಟ್ಟೆಮ್ಮ. ಆ ಹುಡುಗನ ತಾಯಿ ನಮ್ಮ ಮೇಲೆ ಕನ್ಸ್ಯೂಮರ್ ಕೋರ್ಟಲ್ಲಿ ಕೇಸ್ ಹಾಕಿದಾಳೆ. ತಪ್ಪು ಅವಳದೇ. ಹೇಳಿದ್ರೂ ಕೇಳ್ದೆ ಕದ್ದು ರೊಟ್ಟಿ ತಿನ್ಸಿದಾಳೆ. ಏನೂ ಕೊಡ್ಬೇಡಮ್ಮ ಅಂತ ನೀನು ಕನ್ನಡದಲ್ಲಿ ಹೇಳಿದ್ದೆ. ಅಷ್ಟೇ ಇದರಲ್ಲಿರೋದು. ಒಂದು ಹೆಬ್ಬೆಟ್ಟು ಹಾಕು. ನಿನ್ನ ಮಗಳು ಟೈಪಿಂಗ್ ಕಲ್ತಿದಾಳಂತಲ್ಲ? ರಿಸೆಪ್ಷನ್‌ನಲ್ಲಿ ಹಾಕ್ಕೊಳ್ಳೋಣ.”

“ನಾನ್ ಹಂಗೆ ಹೇಳ್ಲಿಲ್ಲ ಸಾರ್. ಕೊಡಮ್ಮ ಅಂದೆ.”

ಅವನ ಮುಖ ಬಿಗಿಯಿತು. ಮತ್ತೆ ನಗು ತಂದುಕೊಂಡ.

“ಅದನ್ನ ಇನ್ಯಾರ ಮುಂದೆನೂ ಹೇಳ್ಬೇಡ. ಪೊಲೀಸ್ ಕೇಸಾಗುತ್ತೆ ನಿನ್ ಮೇಲೆ. ನಿನ್ನ ಉಳ್ಸೋಕೇ ಇದನ್ನ ಟೈಪ್ ಮಾಡ್ಸಿರೋದು.”

ಕೈ ಹಿಡಿದ. ಕಕ್ಕಸು ತೊಳೆಯುವ ಕೈ. ಅವನೇ ಹಿಡಿದ. ಹೆಬ್ಬೆರಳನ್ನು ಮಸಿಗೆ ಒತ್ತಿದ. ಆಗ ನನಗೆ ನಗು ಬಂತೋ ಅಳು ಬಂತೋ ಗೊತ್ತಿಲ್ಲ.

“ಈಗ ಮುಟ್ಟಬೋದಾ ಸಾರ್?” ಅಂದೆ.

ಕೈ ಕಿತ್ತುಕೊಂಡೆ. ಎದ್ದೆ. ಹೊಸದಾಗಿ ಬಿಳಿ ಬಣ್ಣ ಬಳಿಸಿದ್ದ ಗೋಡೆಗೆ ಹೆಬ್ಬೆರಳು ಒತ್ತಿದೆ. ಒಂದು ಸಲ ಸಾಲಲಿಲ್ಲ, ಮೂರು ಸಲ ಒತ್ತಿದೆ. ಕಾಫಿ ಹಾಗೇ ಇತ್ತು. ಅಂದೇ ನನ್ನನ್ನು ಗೇಟಿನ ಹೊರಗೆ ಹಾಕಿದರು.

ಮಾರನೆಯ ದಿನ ವಿಮಲಾಕ್ಷಿಯ ಮನೆ ಹುಡುಕಿಕೊಂಡು ಹೊರಟೆ. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಇಳಿದು, ಇನ್ನೊಂದು ಹತ್ತಿ, ಧೂಳಿನಲ್ಲಿ ನಡೆದೆ. ಶೆಡ್ಡುಗಳ ಹಿಂದೆ ವಠಾರ. ಅವಳು ಬಾಗಿಲಲ್ಲಿ ಕೂತಿದ್ದಳು. ಅರ್ಧ ಇಳಿದುಹೋಗಿದ್ದಳು. ನರ್ಸಿಂಗ್ ಹೋಮಿನವರು ಕೇಸಿಗೆ ಕೊಟ್ಟ ಉತ್ತರವನ್ನು ಅವಳಿಗೆ ಓದಿ ಹೇಳಿದ್ದರು. ತಾಯಿಯೇ ಸಾವಿಗೆ ಕಾರಣ ಎಂದು ಅದರಲ್ಲಿ ಬರೆದಿತ್ತು.

“ನಾನ ಕೊಂದೆ ಅಂತ ಬರದಾರವ್ವ. ಖರೇನ ಇರಬೇಕು. ನನ್ನ ಕೈಯಿಂದನ ತಿನಸೀನಿ. ಅವತ್ತಿನಿಂದ ಈ ಮನ್ಯಾಗ ರೊಟ್ಟಿ ಬಡದಿಲ್ಲ.”

“ನೀನಲ್ಲ. ನೀನು ನನ್ನ ಕೇಳ್ದೆ. ಕೊಡು ಅಂದೋಳು ನಾನು. ಬ್ಯಾಡ ಅಂತ ನಿಂಗೆ ಯಾರೂ ಹೇಳ್ಲಿಲ್ಲ. ನಂಗೂ ಯಾರೂ ಹೇಳ್ಲಿಲ್ಲ,” ಅಂದೆ. ತಟ್ಟೆಯ ಕತೆ, ಕಾರ್ಡಿನ ಕತೆ ಎಲ್ಲ ಹೇಳಿದೆ.

ಅವಳು ಎದ್ದು ನನ್ನ ಕೆನ್ನೆಗೆ ಬಾರಿಸಿದಳು. ಕಿವಿ ಗುಂಯ್ ಅಂದಿತು. ಇನ್ನೊಂದು ಬಾರಿಸಲು ಕೈ ಎತ್ತಿದವಳು ಹಾಗೇ ನೆಲಕ್ಕೆ ಕುಸಿದು ಅತ್ತಳು. ಐದು ತಿಂಗಳು ಅಳದೆ ಇಟ್ಟುಕೊಂಡಿದ್ದಳಂತೆ. ಎಷ್ಟೋ ಹೊತ್ತಿನ ಮೇಲೆ ಒಳಗೆ ಹೋಗಿ ನೀರು ತಂದಳು.

“ಕೋರ್ಟಿನ್ಯಾಗ ಇದ್ನ ಹೇಳ್ತಿಯೇನು?”

“ಅದಕ್ಕೇ ಬಂದಿರೋದು.”

ನೀರು ಕೊಟ್ಟಳು. ತಂಬಿಗೆ ಕೈಗೆ ಕೊಡಲಿಲ್ಲ. ಮೇಲಿನಿಂದ ಹೊಯ್ದಳು. ಬೊಗಸೆ ಹಿಡಿದು ಕುಡಿದೆ. ಮಗನನ್ನು ಕಳೆದುಕೊಂಡವಳಿಗೂ ಆ ಎಚ್ಚರ ತಪ್ಪಿರಲಿಲ್ಲ.

ಅವಳ ವಕೀಲರು ಶಿವಾಜಿನಗರದ ಹಬೀಬ್. ನನ್ನ ಮಾತು ಪೂರಾ ಕೇಳಿ, “ಅಮ್ಮಾ, ನಿಮ್ಮ ತಪ್ಪೂ ಬರುತ್ತೆ ಇದರಲ್ಲಿ. ಯೋಚ್ನೆ ಮಾಡಿ,” ಅಂದರು. ಯೋಚನೆ ಮಾಡಿಯೇ ಬಂದಿದ್ದೆ. ಕೇಸು ನನ್ನ ಸರದಿಗೆ ಬರುವಷ್ಟರಲ್ಲಿ ಇನ್ನೊಂದು ವರ್ಷ ಹೋಯಿತು. ಆ ವರ್ಷ ದೊಮ್ಮಲೂರಿನ ಮನೆಗಳಲ್ಲಿ ಪಾತ್ರೆ ತೊಳೆದೆ.

ಗ್ರಾಹಕರ ಕೋರ್ಟಿನಲ್ಲಿ ಮೂವರು ಕೂತಿದ್ದರು. ನಡುವೆ ಅಧ್ಯಕ್ಷರು, ಒಂದು ಪಕ್ಕಕ್ಕೆ ಒಬ್ಬರು ಮೇಡಂ. ನಾನು ಕಂಡದ್ದನ್ನೆಲ್ಲ ಹೇಳಿದೆ. ಕೊಡಮ್ಮ ಅಂದವಳು ನಾನೇ ಎಂದೂ ಹೇಳಿದೆ. ಆಮೇಲೆ ನರ್ಸಿಂಗ್ ಹೋಮಿನ ವಕೀಲ ಎದ್ದ.

“ನಿಮಗೆ ಓದೋಕೆ ಬರುತ್ತಾ?”

“ಇಲ್ಲ.”

“ಕನ್ನಡಾನೂ?”

“ಇಲ್ಲ.”

“ನಿಮ್ಮ ಕೆಲಸ?”

“ಕಕ್ಕಸು ತೊಳೆಯೋದು.”

“ಕಾರ್ಡ್ ಇತ್ತು. ಸ್ಪಷ್ಟವಾಗಿ ಬರೆದಿತ್ತು. ಓದೋಕೆ ಬರದಿರೋದು ನಿಮ್ಮ ಕೊರತೆ. ಪೇಷೆಂಟ್ ಸೇಫ್ಟಿ ಬಗ್ಗೆ ನಿಮಗೇನ್ರೀ ಗೊತ್ತು?”

ಚೀಲದಿಂದ ತಟ್ಟೆ ತೆಗೆದೆ. ಮನೆಯದು, ಪೂಜಿತಾ ಉಣ್ಣುವ ತಟ್ಟೆ. ಅಧ್ಯಕ್ಷರ ಮೇಜಿನ ಮೇಲೆ ಕಾಗದಗಳ ನಡುವೆ ಬೋರಲು ಹಾಕಿದೆ. ಠಣ್ ಎಂದಿತು.

“ಏನಮ್ಮಾ ಇದು?” ಅಂದರು ಅಧ್ಯಕ್ಷರು.

“ನೀವೇ ಹೇಳಿ ಸ್ವಾಮಿ. ಮಂಚದ ಪಕ್ಕ ಹಿಂಗಿದ್ರೆ ಏನು?”

ಅಧ್ಯಕ್ಷರು ಬಾಯಿ ತೆರೆಯುವ ಮೊದಲೇ ಮೇಡಂ ಹೇಳಿದರು, “ಊಟ ಇಲ್ಲ ಅಂತ.”

“ನಿಮ್ಗೆ ಯಾರ್ ಓದಿ ಹೇಳಿದ್ರು ಮೇಡಂ?”

ಟೈಪ್ ಹೊಡೆಯುವವನ ಕೈ ನಿಂತಿತು. ಹಿಂದಿನ ಬೆಂಚಿನಲ್ಲಿ ವಿಮಲಾಕ್ಷಿ ಸೆರಗು ಕಚ್ಚಿಕೊಂಡು ಕೂತಿದ್ದಳು.

ಅಧ್ಯಕ್ಷರು ತಟ್ಟೆಯನ್ನು ನೋಡುತ್ತಲೇ ಕೇಳಿದರು, “ಇಷ್ಟು ಚೆನ್ನಾಗಿ ನಡೀತಿದ್ದದ್ದನ್ನ ಯಾಕಮ್ಮ ನಿಲ್ಲಿಸಿದ್ರಿ?”

“ನಾನ್ ನಿಲ್ಸಲಿಲ್ಲ ಸ್ವಾಮಿ. ಕಕ್ಕಸು ತೊಳೆಯೋ ಕೈ ತಟ್ಟೆ ಮುಟ್ಟಬಾರ್ದು ಅಂದ್ರು. ಸೋಪಿನ ಪ್ರಶ್ನೆ ಅಲ್ಲ ಅಂದ್ರು.”

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಟೈಪಿನವನ ಕಡೆ ತಿರುಗಿ, “ಅದು ಬೇಡ. ಈ ಕೇಸಿಗೆ ಸಂಬಂಧ ಇಲ್ಲ. ತಟ್ಟೆ ಪದ್ಧತಿ ಇತ್ತು, ಕೈಬಿಟ್ಟರು ಅಂತ ಬರ್ಕೊಳ್ಳಿ,” ಅಂದರು.

“ಸಂಬಂಧ ಇರೋದೇ ಅದು ಸ್ವಾಮಿ!” ಎಂದು ಕೂಗಿದೆ. ಹಬೀಬ್ ಸಾರ್ ನನ್ನ ತೋಳು ಹಿಡಿದು ಕೂರಿಸಿದರು.

ಎಂಟು ತಿಂಗಳಿಗೆ ಆರ್ಡರ್ ಬಂತು. ನರ್ಸಿಂಗ್ ಹೋಮಿನದು ನಿರ್ಲಕ್ಷ್ಯ. ಪರಿಹಾರ ಕೊಡಬೇಕು. ತಾಯಿಯ ತಪ್ಪಿಲ್ಲ. ಆ ಒಂದು ಸಾಲನ್ನು ಪೂಜಿತಾ ವಿಮಲಾಕ್ಷಿಗೆ ಮೂರು ಸಲ ಓದಿ ಹೇಳಿದಳು. ಆಮೇಲೆ ಮನೆಗೆ ಬಂದು ನನಗೆ ಪೂರಾ ಓದಿದಳು. ತಟ್ಟೆ ಇತ್ತು. ಕಾರ್ಡು ಇತ್ತು. ತಡವಾಗಿ ಬಂದ ಡಾಕ್ಟರು ಇದ್ದರು. ನನ್ನ ಕೈ ಎಲ್ಲೂ ಇರಲಿಲ್ಲ. ಇನ್ನೊಂದು ಸಲ ಹುಡುಕು ಎಂದೆ. ಹುಡುಕಿದಳು. ಇರಲಿಲ್ಲ.

ಅವರು ಮೇಲಿನ ಕೋರ್ಟಿಗೆ ಹೋಗಿದ್ದಾರೆ. ಕೇಸು ಇನ್ನೂ ನಡೆಯುತ್ತಿದೆ. ಈ ನಡುವೆ ಫಹ್ಮಿದಾ ಸಿಕ್ಕಿದ್ದಳು.

“ಅಕ್ಕಾ, ಈಗ ಹನ್ನೊಂದು ಮಂಚಕ್ಕೂ ತಟ್ಟೆ ಚಿತ್ರ ಮಾಡ್ಸವ್ರೆ. ಕರೆಂಟು ಇರೋರ್ಗೆ ಬೋರಲು ತಟ್ಟೆ, ಮೇಲೆ ಕೆಂಪು ಗೀಟು. ಫಸ್ಟ್ ಕ್ಲಾಸಾಗಿದೆ. ಮ್ಯಾನೇಜರ್ ಸಾಬ್ ಅದ್ರ ಬಗ್ಗೆ ಯಾವ್ದೋ ಹೋಟ್ಲಲ್ಲಿ ಭಾಷಣ ಮಾಡಿ ಶೀಲ್ಡ್ ತಂದವ್ರೆ. ಸರ್ಟಿಫಿಕೇಟೂ ಬಂತು.”

“ನನ್ ಜಾಗಕ್ಕೆ ಬಂದೋಳು ಹೆಂಗವ್ಳೆ?”

ಫಹ್ಮಿದಾ ನೆಲ ನೋಡಿದಳು. “ಅವಳ ಲೋಟ ಕಿಟಕೀಲೇ ಐತೆ ಅಕ್ಕಾ.”

ಕಳೆದ ಭಾನುವಾರ ವಿಮಲಾಕ್ಷಿ ಹೇಳಿ ಕಳಿಸಿದ್ದಳು. ಹೋದೆ. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳಿ ಬಾಗಿಲಲ್ಲೇ ನಿಂತೆ. ಎರಡು ವರ್ಷದ ಮೇಲೆ ಬಡಿಯುತ್ತಿದ್ದಳು. ಒಳಗೆ ಕರೆದಳು. ವಿರೂಪಾಕ್ಷನ ಫೋಟೋದ ಕೆಳಗೆ ಕೂರಿಸಿ ಸ್ಟೀಲ್ ತಾಟಿನಲ್ಲಿ ಬಡಿಸಿದಳು. ಬದನೆಕಾಯಿ ಪಲ್ಯ. ಹೇಗೋ ಮುಗಿಸಿದೆ.

ಎದ್ದು ನನ್ನ ತಾಟನ್ನು ನಾನೇ ಎತ್ತಿಕೊಂಡು ಬಚ್ಚಲಿಗೆ ಹೋದೆ. ಯಾರ ಮನೆಯಲ್ಲಿ ಉಂಡರೂ ನಮ್ಮ ತಟ್ಟೆ ನಾವೇ ತೊಳೆಯಬೇಕು, ಅದನ್ನು ಯಾರೂ ಹೇಳಬೇಕಿಲ್ಲ. ತೊಳೆದು, ನೀರು ಬಸಿಯಲಿ ಎಂದು ಕಟ್ಟೆಯ ಮೇಲೆ ಬೋರಲು ಹಾಕಿದೆ.

ವಿಮಲಾಕ್ಷಿ ನೋಡಿದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

“ಬೋರಲ ಇಡಬ್ಯಾಡವ್ವ. ಈ ಮನ್ಯಾಗ ಬ್ಯಾಡ.”

ಬಂದು ತಾಟನ್ನು ಎತ್ತಿ ನೆಟ್ಟಗೆ ಇಟ್ಟಳು. ನಾನು ಉಂಡ ತಾಟು. ಇಟ್ಟ ಮೇಲೆ ಕೈ ತೊಳೆದುಕೊಳ್ಳಲಿಲ್ಲ. ಅದನ್ನು ನಾನು ನೋಡಿದೆ. ನೋಡುವುದು ನಮಗೆ ರೂಢಿ.